ಕಡಲ ಮೀನು ಸಾಕಣೆ: ನಮ್ಮಲ್ಲಿ ಸಮುದ್ರಕ್ಕೆ ಕೊರತೆ ಇಲ್ಲ, ಮರಿಗೆ ಇದೆ

ದೇಶದ ಮೀನಿನ ಲೆಕ್ಕ ಓದುವಾಗ ಒಂದು ಸಂಗತಿ ಸುಲಭವಾಗಿ ಕಣ್ತಪ್ಪುತ್ತದೆ. 2023–24ರಲ್ಲಿ ಭಾರತದ ಮೀನು ಉತ್ಪಾದನೆ ಸುಮಾರು 184 ಲಕ್ಷ ಟನ್. ಅದರಲ್ಲಿ 139 ಲಕ್ಷ ಟನ್ ಒಳನಾಡಿನದು. ಕೆರೆ, ನದಿ, ಜಲಾಶಯ, ಕಾಟ್ಲಾ–ರೋಹು ಸಾಕುವ ಹೊಂಡ, ಸೀಗಡಿ ಹೊಂಡ ಎಲ್ಲ ಇದರಲ್ಲೇ ಬಂತು. ಉಳಿದ 45 ಲಕ್ಷ ಟನ್ ಸಮುದ್ರದ್ದು. ಹಾಗಾದರೆ ಸಮುದ್ರದಲ್ಲೇ ಸಾಕಿ ಬೆಳೆಸಿದ್ದು ಎಷ್ಟು?

ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಮೀನು, ಪಚ್ಚಿಲೆ (ಬಂಡೆಗೆ ಅಂಟಿ ಬೆಳೆಯುವ ಚಿಪ್ಪುಜೀವಿ), ಕಡಲಪಾಚಿ ಎಲ್ಲ ಸೇರಿಸಿದರೂ ವರ್ಷಕ್ಕೆ ಒಂದು ಲಕ್ಷ ಟನ್ ದಾಟುವುದಿಲ್ಲ ಎಂಬ ಅಂದಾಜನ್ನೇ ತಜ್ಞರು ಬಹುಕಾಲದಿಂದ ಹೇಳುತ್ತಾ ಬಂದಿದ್ದಾರೆ. ನಮ್ಮ ಸಮುದ್ರದಿಂದ 40ರಿಂದ 80 ಲಕ್ಷ ಟನ್ ಬೆಳೆಯಲು ಸಾಧ್ಯ ಎನ್ನುವವರೂ ಇದೇ ತಜ್ಞರು. ಒಂದು ಕಡೆ ಒಂದು ಲಕ್ಷದ ಒಳಗೆ, ಇನ್ನೊಂದು ಕಡೆ ಎಂಬತ್ತು ಲಕ್ಷ. ಇಷ್ಟು ದೊಡ್ಡ ಅಂತರ ಯಾಕೆ? ಅದು ಕಡಿಮೆಯಾಗಬೇಕಾದರೆ ಯಾವ ಗಂಟು ಬಿಚ್ಚಬೇಕು? ಈ ಲೇಖನ ಬರೆಯಲು ಕೂತಿದ್ದು ಅದಕ್ಕೇ.

ನನ್ನ ಮಟ್ಟಿಗೆ ಉತ್ತರ ಒಂದೇ ಪದದಲ್ಲಿದೆ: ಮರಿ. ಜಾಗ, ದುಡ್ಡು, ಕಾನೂನು, ಆಹಾರ ಎಲ್ಲದರಲ್ಲೂ ತೊಂದರೆ ಇದೆ, ಒಪ್ಪುತ್ತೇನೆ. ಆದರೆ ಸರಿಯಾದ ಜಾತಿಯ, ಸರಿಯಾದ ಗಾತ್ರದ ಮೀನುಮರಿ ಸರಿಯಾದ ತಿಂಗಳಲ್ಲಿ ಕೈಗೆ ಸಿಗದಿದ್ದರೆ ಉಳಿದದ್ದೆಲ್ಲ ಇದ್ದೂ ಪ್ರಯೋಜನವಿಲ್ಲ.

ಹಿಡಿಯುವುದು ನಿಂತಲ್ಲೇ ನಿಂತಿದೆ

ಮೊದಲು, ಸಾಕಣೆಯ ಮಾತು ಈಗ ಇಷ್ಟು ಜೋರಾಗಿ ಯಾಕೆ ಕೇಳುತ್ತಿದೆ ಎಂಬುದನ್ನು ನೋಡೋಣ. ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಇರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐ, ಪ್ರತಿ ವರ್ಷ ಬಂದರು ಮತ್ತು ದಕ್ಕೆಗಳಲ್ಲಿ ಇಳಿದ ಮೀನಿನ ಅಂದಾಜು ಕೊಡುತ್ತದೆ. ಅದರ ಪ್ರಕಾರ 2012ರಲ್ಲಿ 39.4 ಲಕ್ಷ ಟನ್ ಇಳಿದಿತ್ತು. 2023ರಲ್ಲಿ 35.3 ಲಕ್ಷ ಟನ್, 2024ರಲ್ಲಿ 34.7 ಲಕ್ಷ ಟನ್. (ಸರ್ಕಾರದ 45 ಲಕ್ಷ ಟನ್ ಲೆಕ್ಕವೂ ಇದೂ ಬೇರೆ ಬೇರೆ ವಿಧಾನದಲ್ಲಿ ಮಾಡಿದ್ದು. ಒಂದರ ಪಕ್ಕ ಇನ್ನೊಂದನ್ನು ಇಟ್ಟು ಹೋಲಿಸಬೇಡಿ.) ಈ ನಡುವೆ ದೋಣಿಗಳು ದೊಡ್ಡದಾಗಿವೆ, ಎಂಜಿನ್ ಬಲ ಜಾಸ್ತಿಯಾಗಿದೆ, ಡೀಸೆಲ್ ಖರ್ಚು ಏರಿದೆ. ಮೀನು ಮಾತ್ರ ಏರಿಲ್ಲ.

ಬೂತಾಯಿಯ (ಸಾರ್ಡೀನ್ ಮೀನಿನ) ಕಥೆ ಕೇಳಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಬರೀ 3,297 ಟನ್. ನೂರಕ್ಕೆ ಒಂದು ಪಾಲೂ ಇಲ್ಲ! ಆಮೇಲೆ ಸ್ವಲ್ಪ ಚೇತರಿಸಿಕೊಂಡಿತು, ನಿಜ. ಆದರೆ ಕರಾವಳಿಯ ಬಡವರ ಮನೆಯ ದಿನನಿತ್ಯದ ಮೀನು ಹತ್ತೇ ವರ್ಷದಲ್ಲಿ ಹೀಗೆ ಮಾಯವಾಗಬಹುದು ಎಂದಾದರೆ, ಬರೀ ಬಲೆಯನ್ನು ನಂಬಿ ಕೂರುವುದು ಎಷ್ಟು ಕಷ್ಟ ಅಲ್ವಾ?

ಪ್ರಪಂಚದಲ್ಲೂ ದಿಕ್ಕು ಇದೇ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಮೀನು, ಸೀಗಡಿ, ಚಿಪ್ಪು ಇತ್ಯಾದಿ ಸೇರಿ ಸಾಕಿದ್ದು 944 ಲಕ್ಷ ಟನ್, ಹಿಡಿದದ್ದು 910 ಲಕ್ಷ ಟನ್. ಸಾಕಿದ್ದು ಹಿಡಿದದ್ದನ್ನು ದಾಟಿದ್ದು ಅದೇ ಮೊದಲು.

ಸೀಗಡಿಯನ್ನು ಪಕ್ಕಕ್ಕಿಟ್ಟು ನೋಡಿ

ಭಾರತದಲ್ಲಿ "ಉಪ್ಪುನೀರಿನ ಸಾಕಣೆ" ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಆಂಧ್ರದ ಸೀಗಡಿ. ಆದರೆ ಅದು ನೆಲದ ಮೇಲೆ ಹೊಂಡ ತೋಡಿ, ನೀರು ತುಂಬಿಸಿ ಮಾಡುವ ಕೆಲಸ. ಇಲ್ಲಿ ಹೇಳುತ್ತಿರುವುದು ಸಮುದ್ರ, ಅಳಿವೆ ಮತ್ತು ಹಿನ್ನೀರಿನಲ್ಲೇ ಪಂಜರ, ಹಗ್ಗ, ತೆಪ್ಪ ಕಟ್ಟಿ ಮಾಡುವ ಸಾಕಣೆಯ ವಿಷಯ.

ಹಾಗಿದ್ದರೂ ಸೀಗಡಿಯಿಂದ ಕಲಿಯಬೇಕಾದ ಒಂದು ಪಾಠ ಇದೆ. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಹುಲಿ ಸೀಗಡಿಯ ಹೊಂಡಗಳನ್ನು ಹಾಳುಮಾಡಿತು. ಕಡಲಿನಿಂದ ಹಿಡಿದು ತಂದ ತಾಯಿಸೀಗಡಿಯ ಮೂಲಕವೇ ರೋಗವೂ ಬರುತ್ತಿತ್ತು. 2009ರಲ್ಲಿ ವೆನ್ನಾಮಿ ಎಂಬ ಹೊರದೇಶದ ಸೀಗಡಿಗೆ ಸರ್ಕಾರ ಅನುಮತಿ ಕೊಟ್ಟಿತು. ರೋಗವಿಲ್ಲದ ತಾಯಿಸೀಗಡಿಯನ್ನು ವಿದೇಶದಿಂದ ತರಿಸಿ, ಚೆನ್ನೈನಲ್ಲಿ ಪ್ರತ್ಯೇಕವಾಗಿಟ್ಟು ಪರೀಕ್ಷಿಸಿ, ಪರವಾನಗಿ ಇದ್ದ ಹ್ಯಾಚರಿಗಳಿಗೆ (ಮರಿ ಮಾಡುವ ಘಟಕಗಳಿಗೆ) ಮಾತ್ರ ಕೊಡುವ ವ್ಯವಸ್ಥೆ ಆಯಿತು. ಅಲ್ಲಿಂದ ಮುಂದೆ ಉತ್ಪಾದನೆ ಏರಿದ ವೇಗ ಎಲ್ಲರಿಗೂ ಗೊತ್ತಿರುವುದೇ. ಮೊದಲು ನಂಬುವಂಥ ಮರಿ ಬಂತು, ಅದರ ಹಿಂದೆ ಹೊಂಡ, ಆಹಾರದ ಕಾರ್ಖಾನೆ, ಬ್ಯಾಂಕು, ರಫ್ತು ಎಲ್ಲ ಸಾಲಾಗಿ ಬಂದವು.

ಆದರೆ ಒಂದೇ ಪ್ರಾಣಿಯನ್ನು ನೆಚ್ಚಿದರೆ ಏನಾಗುತ್ತದೆ ಎಂಬುದೂ 2025ರಲ್ಲಿ ಗೊತ್ತಾಯಿತು. ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ 50 ಶೇಕಡಾ ಸುಂಕ ಹಾಕಿದಾಗ ಸೀಗಡಿ ರೈತರಿಗೆ ನೇರ ಪೆಟ್ಟು ಬಿತ್ತು. ಬೇರೆ ಮೀನು ಬೆಳೆಸಬೇಕು ಎಂಬ ಮಾತು ಅಂದಿನಿಂದ ಇನ್ನಷ್ಟು ಗಟ್ಟಿಯಾಗಿದೆ.

ಪಂಜರ ಬಂದ ದಾರಿ

ಭಾರತದ ತೆರೆದ ಸಮುದ್ರದಲ್ಲಿ ಸಿಎಂಎಫ್‌ಆರ್‌ಐ ಮೊದಲ ಪಂಜರ ಇಳಿಸಿದ್ದು 2007ರಲ್ಲಿ, ವಿಶಾಖಪಟ್ಟಣದ ಹತ್ತಿರ. ಹದಿನೈದು ಮೀಟರ್ ಅಡ್ಡಳತೆಯ ದೊಡ್ಡ ಪಂಜರ. ಒಳಗೆ ಬಿಟ್ಟಿದ್ದು ಸೀಬಾಸ್, ನಮ್ಮ ಕಡೆ ಕುರುಡಿ ಎನ್ನುವ ಮೀನು. ಆಮೇಲೆ ಪಂಜರದ ಗಾತ್ರ ಇಳಿಯಿತು, ಬೆಲೆಯೂ ಇಳಿಯಿತು. ಈಗ ಹೆಚ್ಚಾಗಿ ಕಾಣುವುದು ಆರು ಮೀಟರ್ ಅಡ್ಡಳತೆಯ ಉಂಗುರ. ಕಬ್ಬಿಣದ ಜಿಐ ಪೈಪ್ ಅಥವಾ ಗಟ್ಟಿ ಪ್ಲಾಸ್ಟಿಕ್ ಪೈಪಿನದು. ಕಬ್ಬಿಣದ್ದಾದರೆ ತೇಲಲು ಕೆಳಗೆ ಪ್ಲಾಸ್ಟಿಕ್ ಡ್ರಮ್. ಒಳಬಲೆ ಒಂದು, ಅದನ್ನು ಕಾಯಲು ಹೊರಬಲೆ ಒಂದು, ಹಕ್ಕಿ ಬರದ ಹಾಗೆ ಮೇಲೊಂದು. ತಳಕ್ಕೆ ಲಂಗರು.

ಮೀನುಗಾರರು ಇಂಥ ಪಂಜರವನ್ನು ದೋಣಿಯಲ್ಲಿ ಎಳೆದುಕೊಂಡು ಹೋಗಿ ನಿಲ್ಲಿಸುತ್ತಾರೆ. ನೋಡಲು ಸರಳ. ದಿನಾ ನೋಡಿಕೊಳ್ಳುವುದು ಸರಳವಲ್ಲ. ಕೆಲವೇ ವಾರಗಳಲ್ಲಿ ಬಲೆಯ ಕಣ್ಣಿಗೆ ಪಾಚಿ, ಸಣ್ಣ ಚಿಪ್ಪು ಅಂಟಿಕೊಳ್ಳುತ್ತವೆ. ಕಣ್ಣು ಮುಚ್ಚಿದರೆ ನೀರು ಹರಿಯುವುದಿಲ್ಲ, ನೀರು ಹರಿಯದಿದ್ದರೆ ಮೀನಿಗೆ ಉಸಿರಿಲ್ಲ. ಬಲೆ ಬದಲಿಸಬೇಕು, ಹಳೆಯದನ್ನು ದಡಕ್ಕೆ ತಂದು ಒಣಗಿಸಿ ಬಡಿಯಬೇಕು. ನೆನೆದ ಬಲೆಯ ಭಾರ ಎತ್ತಿದವರಿಗೇ ಗೊತ್ತು. ಏಡಿ ಒಂದು ಕಡೆ ಕತ್ತರಿಸಿದರೆ ಒಂದೇ ರಾತ್ರಿಯಲ್ಲಿ ಪಂಜರ ಖಾಲಿ.

ಬೆಳೆಸುವ ಜಾತಿಗಳೂ ನಿಧಾನವಾಗಿ ಕೂಡಿಬಂದವು. ಚೆನ್ನೈನ ಕೇಂದ್ರೀಯ ಹಿನ್ನೀರು ಸಾಕಣೆ ಸಂಸ್ಥೆ 1997ರಲ್ಲೇ ಸೀಬಾಸ್ ಮರಿ ಮಾಡಿತ್ತು. ತಮಿಳುನಾಡಿನ ಮಂಡಪಂನಲ್ಲಿ ಸಿಎಂಎಫ್‌ಆರ್‌ಐ 2010ರಲ್ಲಿ ಕೋಬಿಯಾ, 2011ರಲ್ಲಿ ಸಿಲ್ವರ್ ಪಾಂಪನೊ ಮರಿ ಮಾಡಿತು. ಕೋಬಿಯಾ ಬೆಳೆಯುವ ವೇಗ ನೋಡಿದರೆ ಆಶ್ಚರ್ಯವಾಗುತ್ತದೆ, ಆರೇಳು ತಿಂಗಳಲ್ಲಿ ಎರಡೂವರೆಯಿಂದ ಮೂರು ಕೆಜಿ. ಆಮೇಲೆ ವಿಶಾಖಪಟ್ಟಣದಲ್ಲಿ ಮುರುಮೀನು (ಗ್ರೂಪರ್), ಇಂಡಿಯನ್ ಪಾಂಪನೊ, 2024ರಲ್ಲಿ ಗೋಲ್ಡನ್ ಟ್ರೆವಲಿ. ಪ್ರಯೋಗಾಲಯದ ಮಟ್ಟಿಗೆ ಇದು ನಿಜಕ್ಕೂ ಹೆಮ್ಮೆಪಡುವ ಕೆಲಸ. ಆದರೆ ಸಂಸ್ಥೆಯ ತೊಟ್ಟಿಯಲ್ಲಿ ಮರಿ ಹುಟ್ಟುವುದಕ್ಕೂ, ಕುಂದಾಪುರದ ಒಬ್ಬ ಮೀನುಗಾರನಿಗೆ ಅಕ್ಟೋಬರ್‌ನಲ್ಲಿ ಮೂರು ಸಾವಿರ ಮರಿ ಸಿಗುವುದಕ್ಕೂ ನಡುವೆ ಬಹಳ ದೂರ ಇದೆ.

ಕ್ಯಾಲೆಂಡರ್ ಮತ್ತು ಮರಿ

ಪಶ್ಚಿಮ ಕರಾವಳಿಯ ಕ್ಯಾಲೆಂಡರನ್ನು ಒಮ್ಮೆ ನೆನಪಿಸಿಕೊಳ್ಳಿ. ಜೂನ್ ಮೊದಲ ವಾರ ಮಳೆ ಹಿಡಿಯುತ್ತದೆ. ಸೆಪ್ಟೆಂಬರ್ ತನಕ ಕಡಲು ಕಡಲಾಗಿರುವುದಿಲ್ಲ. ಆಗ ತೆರೆದ ಸಮುದ್ರದಲ್ಲಿ ಈ ಸಣ್ಣ ಪಂಜರ ನಿಲ್ಲುವುದಿಲ್ಲ. ಹಾಗಾದರೆ ಅಳಿವೆಗೆ ಎಳೆದು ತಂದರೆ? ಅಲ್ಲಿ ಅಲೆಯ ಕಾಟ ಕಡಿಮೆ. ಆದರೆ ಘಟ್ಟದ ಮೇಲಿನ ಮಳೆನೀರೆಲ್ಲ ನದಿಯಲ್ಲಿ ಇಳಿದು ಬಂದು ಅಳಿವೆಯ ಉಪ್ಪನ್ನು ತೊಳೆದುಬಿಡುತ್ತದೆ. ಕೆಲವು ವಾರ ನೀರು ಪೂರ್ತಿ ಸಿಹಿ. ಕೋಬಿಯಾ ಇದನ್ನು ತಡೆಯುವುದಿಲ್ಲ. ಸೀಬಾಸ್ ತಡೆಯುತ್ತದೆ, ಅದು ಉಪ್ಪುನೀರಿಗೂ ಸೈ, ಸಿಹಿನೀರಿಗೂ ಸೈ. ನಮ್ಮ ಅಳಿವೆಗಳ ಪಂಜರಗಳಲ್ಲಿ ಕುರುಡಿಯೇ ಜಾಸ್ತಿ ಕಾಣುವುದು ಇದೇ ಕಾರಣಕ್ಕೆ.

ಹೀಗಾಗಿ ತೆರೆದ ಸಮುದ್ರದಲ್ಲಿ ಕೈಗೆ ಸಿಗುವುದು ಅಕ್ಟೋಬರ್‌ನಿಂದ ಮೇ ತನಕ, ಎಂಟು ತಿಂಗಳು. ಎರಡು–ಮೂರು ಸೆಂಟಿಮೀಟರ್ ಉದ್ದದ ಸೀಬಾಸ್ ಮರಿ ಬಿಟ್ಟರೆ ಅದು ಒಂದು ಕೆಜಿ ಆಗಲು ವರ್ಷವೇ ಬೇಕು. ಎಂಟು ತಿಂಗಳಿಗೆ ಎತ್ತಿದರೆ ಅರ್ಧ ಕೆಜಿ ಸುತ್ತಮುತ್ತ ಇರುತ್ತದೆ, ದರ ಸಿಗುವುದಿಲ್ಲ. ಅಷ್ಟಕ್ಕೂ ಮೇ ಕೊನೆಯವರೆಗೆ ಕಾದರೆ ಚಂಡಮಾರುತದ ಭಯ. 2021ರ ಮೇ ಮಧ್ಯದಲ್ಲಿ ತೌಕ್ತೆ ಬಂದಾಗ ನಮ್ಮ ಕರಾವಳಿ ಏನು ಅನುಭವಿಸಿತು ಎಂಬುದು ಇನ್ನೂ ನೆನಪಿದೆ. ಪೂರ್ವ ಕರಾವಳಿಯಲ್ಲಿ ತಿಂಗಳು ಬೇರೆ, ಕಷ್ಟ ಅದೇ. ಅಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್ ಭಯದ ಕಾಲ.

ಇದಕ್ಕೆ ಪರಿಹಾರ ಇದೆ, ಹೊಸದೂ ಅಲ್ಲ. ಮಳೆಗಾಲದಲ್ಲಿ ಮರಿಗಳನ್ನು ದಡದ ಹೊಂಡದಲ್ಲೋ ತೊಟ್ಟಿಯಲ್ಲೋ ಸಾಕಿ 50ರಿಂದ 100 ಗ್ರಾಂ ಮಾಡಿಕೊಂಡು, ಅಕ್ಟೋಬರ್‌ನಲ್ಲಿ ಸಮುದ್ರಕ್ಕೆ ಬಿಡುವುದು. ಭತ್ತ ಬೆಳೆಯುವವರು ಮೊದಲು ಸಸಿಮಡಿ ಮಾಡಿ ಆಮೇಲೆ ನಾಟಿ ಮಾಡುವ ಹಾಗೆ. ಆಗ ಮೇ ತಿಂಗಳಿಗೆ ಒಂದು ಕೆಜಿ ಮೀನು ಕೈಗೆ ಬರುತ್ತದೆ. ಅಳಿವೆಯಲ್ಲಿ ಸಾಕಿದ್ದಾದರೆ ಇನ್ನೂ ಒಂದು ಲಾಭ ಇದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಪೇಟೆಯಲ್ಲಿ ತಾಜಾ ಮೀನಿಲ್ಲದ ಆ ಎರಡು ತಿಂಗಳಲ್ಲಿ ಪಂಜರದ ಮೀನಿಗೆ ಒಳ್ಳೆಯ ದರ ಸಿಗುತ್ತದೆ.

ಸಸಿಮಡಿ ಬೇಕು ಎಂದರೆ ಬೀಜ ಬೇಕಲ್ಲ. ಇಲ್ಲೇ ಕಥೆ ನಿಲ್ಲುವುದು. ಕಾಟ್ಲಾ–ರೋಹು ಮರಿ ಮಾಡಿದಷ್ಟು ಸುಲಭವಾಗಿ ಕಡಲ ಮೀನಿನ ಮರಿ ಆಗುವುದಿಲ್ಲ. ಸೀಬಾಸನ್ನೇ ನೋಡಿ. ಅದು ಮೊದಲು ಗಂಡಾಗಿ ಬಲಿತು, ಐದಾರು ವರ್ಷ ಕಳೆದ ಮೇಲೆ ಹೆಣ್ಣಾಗುತ್ತದೆ. ಮುರುಮೀನಿನದು ತದ್ವಿರುದ್ಧ, ಮೊದಲು ಹೆಣ್ಣು, ಆಮೇಲೆ ಗಂಡು. ಅಂದರೆ ಒಂದು ಹ್ಯಾಚರಿ ಶುರುಮಾಡಬೇಕು ಎಂದರೆ ಬೇರೆ ಬೇರೆ ವಯಸ್ಸಿನ ದೊಡ್ಡ ಮೀನುಗಳನ್ನು ವರ್ಷಗಟ್ಟಲೆ ಸಾಕಿ ಇಟ್ಟುಕೊಳ್ಳಬೇಕು. ಆದಾಯ ಇಲ್ಲದೆ.

ಮೊಟ್ಟೆ ಒಂದು ಮಿಲಿಮೀಟರಿಗಿಂತಲೂ ಸಣ್ಣದು, ನೀರಿನ ಮೇಲೆ ತೇಲುತ್ತದೆ, ಒಂದು ದಿನದೊಳಗೆ ಒಡೆಯುತ್ತದೆ. ಮೂರನೆಯ ದಿನದ ಹೊತ್ತಿಗೆ ಮರಿ ಬಾಯಿ ತೆರೆಯುತ್ತದೆ. ಆ ಬಾಯಿಗೆ ಹಿಡಿಯುವಷ್ಟು ಸಣ್ಣ, ಜೀವಂತ, ಅಲುಗಾಡುವ ಆಹಾರ ಅದೇ ಹೊತ್ತಿಗೆ ಅಲ್ಲಿರಬೇಕು. ಅದಕ್ಕೆ ರೋಟಿಫರ್ ಎಂಬ ಕಣ್ಣಿಗೆ ಸರಿಯಾಗಿ ಕಾಣದ ಜೀವಿಯನ್ನು ಪಕ್ಕದ ತೊಟ್ಟಿಯಲ್ಲಿ ಬೆಳೆಸುತ್ತಾರೆ. ರೋಟಿಫರ್‌ಗೆ ತಿನ್ನಲು ಇನ್ನೊಂದು ತೊಟ್ಟಿಯಲ್ಲಿ ಹಸಿರು ಪಾಚಿ. ಒಂದು ವಾರ ಕಳೆದ ಮೇಲೆ ಆರ್ಟೀಮಿಯಾ ಎಂಬ ಸ್ವಲ್ಪ ದೊಡ್ಡ ಜೀವಿ, ಮೂರನೆಯ ವಾರದ ಹೊತ್ತಿಗೆ ನಿಧಾನವಾಗಿ ಹುಡಿ ಆಹಾರ. ಪಾಚಿಯ ತೊಟ್ಟಿ ಒಂದು ದಿನ ಕೆಟ್ಟರೆ ಸಾಲಾಗಿ ಎಲ್ಲವೂ ಕೆಡುತ್ತದೆ.

ಆಮೇಲೆ ಶುರುವಾಗುತ್ತದೆ ಅಣ್ಣ ತಮ್ಮನನ್ನು ನುಂಗುವ ಕಾಲ. ಸೀಬಾಸ್ ಮರಿಗಳೆಲ್ಲ ಒಂದೇ ದಿನ ಹುಟ್ಟಿದರೂ ಕೆಲವು ಬೇಗ ಉಬ್ಬುತ್ತವೆ. ಸ್ವಲ್ಪ ದೊಡ್ಡದಾದದ್ದು ತನ್ನ ಅರ್ಧಕ್ಕಿಂತ ಜಾಸ್ತಿ ಉದ್ದದ ಮರಿಯನ್ನು ತಲೆಯಿಂದ ನುಂಗಲು ಶುರುಮಾಡುತ್ತದೆ. ಎಷ್ಟೋ ಸಲ ಬಾಲ ಬಾಯಿಯಿಂದ ಹೊರಗೇ ಇರುತ್ತದೆ, ಎರಡೂ ಸಾಯುತ್ತವೆ. ತಡೆಯಲು ಇರುವ ದಾರಿ ಒಂದೇ. ಕೆಲವೇ ದಿನಗಳಿಗೊಮ್ಮೆ ಎಲ್ಲ ಮರಿಗಳನ್ನೂ ಬುಟ್ಟಿಯಲ್ಲಿ ಜಾಲಾಡಿ ಗಾತ್ರ ಪ್ರಕಾರ ಬೇರೆ ಮಾಡುವುದು. ಬುಟ್ಟಿಯ ತೂತಿನಿಂದ ಸಣ್ಣವು ಕೆಳಗೆ ಇಳಿಯುತ್ತವೆ, ದೊಡ್ಡವು ಮೇಲೆ ಉಳಿಯುತ್ತವೆ. ಬೆಳಗ್ಗೆ ತಂಪು ಹೊತ್ತಿನಲ್ಲಿ, ಕೈ ನೀರಿನಲ್ಲೇ ಇಟ್ಟುಕೊಂಡು, ಒಂದೂ ಗಾಯವಾಗದ ಹಾಗೆ. ಇಷ್ಟೆಲ್ಲ ಮಾಡಿದರೂ ಹುಟ್ಟಿದ ನೂರರಲ್ಲಿ ಹತ್ತಿಪ್ಪತ್ತು ಉಳಿದರೆ ಒಳ್ಳೆಯ ಫಲ ಎನ್ನುತ್ತಾರೆ.

ಒಂದು ಲಕ್ಷ ಟನ್ನಿಗೆ ಏನೇನು ಬೇಕು?

ಗುರಿಯ ಮಾತು ಬಂದಾಗಲೆಲ್ಲ ನಾನು ಒಂದು ಸಣ್ಣ ಲೆಕ್ಕ ಮಾಡುತ್ತೇನೆ. ನೀವೂ ಮಾಡಿ ನೋಡಿ.

ಆರು ಮೀಟರ್ ಅಡ್ಡಳತೆ, ನಾಲ್ಕು ಮೀಟರ್ ಆಳದ ಪಂಜರದಲ್ಲಿ ಸುಮಾರು 113 ಘನ ಮೀಟರ್ ಜಾಗ ಇರುತ್ತದೆ. ಒಳ್ಳೆಯ ಸಾಕಣೆಯಲ್ಲಿ ಒಂದು ಬೆಳೆಗೆ ಎರಡು ಟನ್ ಆಸುಪಾಸು ಮೀನು ಎಂದು ಹಿಡಿಯೋಣ. ಒಂದು ಲಕ್ಷ ಟನ್ ಬೇಕಾದರೆ 50 ಸಾವಿರ ಪಂಜರ. ಮೀನು ಒಂದೊಂದು ಕೆಜಿ ಎಂದರೆ ಪಂಜರಕ್ಕೆ ಎರಡು ಸಾವಿರ ಮೀನು. ಸಾಯುವುದನ್ನೂ ಲೆಕ್ಕ ಹಿಡಿದು ಮೂರು ಸಾವಿರ ಮರಿ ಬಿಡಬೇಕು. ಒಟ್ಟು 15 ಕೋಟಿ ಮರಿ, ಅದೂ ಹೆಚ್ಚುಕಡಿಮೆ ಒಂದೇ ಋತುವಿನಲ್ಲಿ! 40 ಲಕ್ಷ ಟನ್ ಪಂಜರದಿಂದಲೇ ಬರಬೇಕು ಎಂದರೆ ಇದರ ನಲವತ್ತು ಪಟ್ಟು. ಈಗಿನ ದಾರಿಯಲ್ಲಿ ಅದು ಆಗುವ ಮಾತಲ್ಲ.

ನಾರ್ವೆಯಲ್ಲಿ ಸಾಲ್ಮನ್ ಸಾಕುವ ಒಂದೇ ಪಂಜರದಲ್ಲಿ ಎರಡು ಲಕ್ಷ ಮೀನು ಬಿಡಲು ಅಲ್ಲಿನ ನಿಯಮ ಅವಕಾಶ ಕೊಡುತ್ತದೆ. ಮೀನು ಐದು ಕೆಜಿ ಎಂದರೆ ಒಂದು ಪಂಜರದಿಂದ ಸಾವಿರ ಟನ್ ಹತ್ತಿರ. ನಮ್ಮ ಐನೂರು ಪಂಜರಕ್ಕೆ ಅವರದೊಂದು ಸಮ. ಅವರಿಗೆ ಬೆಟ್ಟಗಳ ನಡುವೆ ಕಡಲು ಒಳಗೆ ಹೊಕ್ಕ ಆಳವಾದ, ಶಾಂತವಾದ ಕೊಲ್ಲಿಗಳಿವೆ. ನಮ್ಮದು ತೆರೆದ, ಆಳವಿಲ್ಲದ ದಡ. ಅವರ ದಾರಿಯನ್ನೇ ಹಿಡಿಯುತ್ತೇವೆ ಎಂದು ಹೇಳುವುದು ಸುಮ್ನೆ ಮಾತಿಗಷ್ಟೇ ಚೆಂದ.

ಆಹಾರದ ಲೆಕ್ಕವೂ ಹೀಗೇ. ಎಷ್ಟೋ ಕಡೆ ಪಂಜರದ ಮೀನಿಗೆ ಟ್ರಾಲರ್ ತಂದ ಸಣ್ಣ, ಅಗ್ಗದ ಮೀನನ್ನು ಕತ್ತರಿಸಿ ಹಾಕುತ್ತಾರೆ. ಒಂದು ಕೆಜಿ ಬೆಳೆಯಲು ಐದು ಕೆಜಿಯಷ್ಟು ಅಂಥ ಮೀನು ಬೇಕಾಗುತ್ತದೆ. ಒಂದು ಲಕ್ಷ ಟನ್ ಬೆಳೆಸಲು ಐದು ಲಕ್ಷ ಟನ್ ಹಿಡಿಯಬೇಕು ಎಂದಾದರೆ ಸಮುದ್ರದ ಹೊರೆ ಇಳಿಯುವ ಬದಲು ಏರುತ್ತದೆ. ಕಾರ್ಖಾನೆಯ ಗುಳಿಗೆ ಆಹಾರವಾದರೆ ಎರಡು ಕೆಜಿ ಒಳಗೇ ಸಾಕು. ಆದರೆ ಅದರಲ್ಲೂ ಮೀನಿನ ಹಿಟ್ಟು ಇದೆ, ಆ ಹಿಟ್ಟಿಗೆ ಹೋಗುವುದೂ ಬೂತಾಯಿಯಂಥ ಮೀನೇ. ಸೋಯಾ ಹಿಂಡಿ, ಹುಳುವಿನ ಹಿಟ್ಟು ಬಳಸಿ ಇದನ್ನು ಕಡಿಮೆ ಮಾಡುವ ಕೆಲಸ ನಡೆದಿದೆ. ಇದು ಬೇಗ ಆಗದಿದ್ದರೆ ಪಂಜರ ಕೃಷಿ ಜಾಸ್ತಿ ಆದಷ್ಟೂ ನನಗೆ ಸಂತೋಷಕ್ಕಿಂತ ಚಿಂತೆಯೇ ಜಾಸ್ತಿ.

ಸಮುದ್ರಕ್ಕೆ ಪಹಣಿ ಇಲ್ಲ

ಜಮೀನಿದ್ದವನು ಪಹಣಿ ಹಿಡಿದುಕೊಂಡು ಬ್ಯಾಂಕಿಗೆ ಹೋಗುತ್ತಾನೆ. ಸಮುದ್ರದಲ್ಲಿ ಪಂಜರ ಇಟ್ಟವನು ಏನು ತೋರಿಸಬೇಕು? ದಡದಿಂದ 12 ನಾಟಿಕಲ್ ಮೈಲು ತನಕ ಮೀನುಗಾರಿಕೆ ರಾಜ್ಯದ ಕೈಯಲ್ಲಿ, ಅಲ್ಲಿಂದ 200 ಮೈಲು ತನಕ ಕೇಂದ್ರದ ಕೈಯಲ್ಲಿ. ಆದರೆ "ಈ ಜಾಗ ಇಷ್ಟು ವರ್ಷ ನಿನ್ನದು" ಎಂದು ಬರೆದು ಕೊಡುವ ಗುತ್ತಿಗೆ ವ್ಯವಸ್ಥೆ ಬಹುಕಾಲ ಸರಿಯಾಗಿ ಇರಲಿಲ್ಲ. ಗೋವಾ 2020ರಲ್ಲಿ ತನ್ನದೇ ಕಡಲ ಸಾಕಣೆ ನೀತಿ ತಂದಿತು. 2023ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆಗೆ ತಿದ್ದುಪಡಿಯಾಗಿ ಪಂಜರ, ಚಿಪ್ಪು, ಕಡಲಪಾಚಿ ಸಾಕಣೆ ಕಾನೂನಿನ ಒಳಗೆ ಬಂದವು. 2025ರ ನವೆಂಬರ್‌ನಲ್ಲಿ ಬಂದ ದೂರ ಸಮುದ್ರದ ಮೀನುಗಾರಿಕೆಯ ಹೊಸ ನಿಯಮಗಳೂ ಪಂಜರ ಮತ್ತು ಪಾಚಿ ಕೃಷಿಗೆ ಬೆಂಬಲದ ಮಾತು ಆಡುತ್ತವೆ.

ಇಲ್ಲಿ ಒಂದು ಎಚ್ಚರ ಬೇಕು. ಕಡಲು ಖಾಲಿ ನಿವೇಶನವಲ್ಲ. ನಾಡದೋಣಿಯವರು ಹೋಗುವ ದಾರಿ, ಬಲೆ ಬಿಡುವ ಜಾಗ, ಮರುವಾಯಿ (ಕೆಸರಿನ ಚಿಪ್ಪು) ಹೆಕ್ಕುವ ಹೆಂಗಸರ ಅಳಿವೆ ಎಲ್ಲ ಅಲ್ಲೇ ಇವೆ. ಗುತ್ತಿಗೆ ಕೊಡುವುದೇ ಆದರೆ ಮೊದಲ ಹಕ್ಕು ಅವರಿಗೆ, ಅವರ ಸಹಕಾರ ಸಂಘಗಳಿಗೆ ಸಿಗಬೇಕು. ಇದನ್ನು ಮರೆತರೆ ಪಂಜರ ಇಟ್ಟ ಊರಿನಲ್ಲೇ ಜಗಳ ಹುಟ್ಟುತ್ತದೆ, ನ್ಯಾಯವೂ ಅವರ ಕಡೆಗೇ ಇರುತ್ತದೆ.

ದುಡ್ಡಿನ ವಿಷಯದಲ್ಲಿ ಸಹಾಯ ಇದೆ. 2020ರಲ್ಲಿ 20,050 ಕೋಟಿ ರೂಪಾಯಿಯ ಪ್ರಧಾನ ಮಂತ್ರಿ ಮತ್ಸ್ಯ ಸಂಪದ ಯೋಜನೆ ಬಂತು. ಅದರಲ್ಲಿ ಒಂದು ಸಮುದ್ರ ಪಂಜರಕ್ಕೆ ಐದು ಲಕ್ಷ ರೂಪಾಯಿ ವೆಚ್ಚ ಎಂದು ಹಿಡಿದು, ಸಾಮಾನ್ಯ ವರ್ಗದವರಿಗೆ 40 ಶೇಕಡಾ, ಮಹಿಳೆಯರು ಮತ್ತು ಪರಿಶಿಷ್ಟರಿಗೆ 60 ಶೇಕಡಾ ಸಹಾಯಧನ. ಪಂಜರಗಳ ಸಂಖ್ಯೆ ಏರಿದ್ದು ಇದರಿಂದಲೇ. ಆದರೆ ಮರಿ ಇಲ್ಲದೆ ಖಾಲಿ ನಿಂತ ಪಂಜರವೂ ಲೆಕ್ಕದಲ್ಲಿ ಪಂಜರವೇ. ಆ ಸಂಖ್ಯೆ ನೋಡಿ ಮೀನಿನ ಉತ್ಪಾದನೆ ಊಹಿಸಬಾರದು.

ಪಚ್ಚಿಲೆ, ಪಾಚಿ: ತಾವೇ ಉಣ್ಣುವ ಬೆಳೆಗಳು

ಕಡಲ ಸಾಕಣೆ ಎಂದರೆ ಬರೀ ಮೀನಲ್ಲ. ಆಹಾರ ಹಾಕುವ ಅಗತ್ಯವೇ ಇಲ್ಲದ ಎರಡು ಬೆಳೆಗಳಿವೆ. ಲಕ್ಷ ಟನ್‌ಗಳ ಮಾತು ನಿಜವಾಗುವುದಿದ್ದರೆ ಮೊದಲು ಇವುಗಳಿಂದಲೇ ಆದೀತು.

ಪಚ್ಚಿಲೆ ಕಟ್ಟುವುದನ್ನು ನೋಡಲು ಖುಷಿಯಾಗುತ್ತದೆ. ಬಂಡೆಯಿಂದ ಕಿತ್ತು ತಂದ ಸಣ್ಣ ಪಚ್ಚಿಲೆಗಳನ್ನು ತೊಳೆದು, ಉದ್ದಕ್ಕೆ ಹಾಸಿದ ಹತ್ತಿ ಬಟ್ಟೆಯ ಮೇಲೆ ಸಾಲಾಗಿ ಸುರಿಯುತ್ತಾರೆ. ನಡುವೆ ಹಗ್ಗ ಇಟ್ಟು ಬಟ್ಟೆಯನ್ನು ಸುತ್ತಿ ಹೊಲಿಯುತ್ತಾರೆ, ಉದ್ದ ದಿಂಬಿನ ಹಾಗೆ. ಅದನ್ನು ಹಿನ್ನೀರಿನಲ್ಲಿ ಬಿದಿರಿನ ಚಪ್ಪರದಿಂದ ತೂಗುಬಿಡುತ್ತಾರೆ. ಕೆಲವೇ ದಿನದಲ್ಲಿ ಬಟ್ಟೆ ಕೊಳೆತು ಹೋಗುತ್ತದೆ. ಅಷ್ಟರೊಳಗೆ ಪಚ್ಚಿಲೆ ತನ್ನ ಎಳೆಗಳಿಂದ ಹಗ್ಗವನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಮುಂದೆ ಅದು ನೀರಿನಲ್ಲಿ ತೇಲುವುದನ್ನೇ ಸೋಸಿ ತಿಂದು ಬೆಳೆಯುತ್ತದೆ. ಮಳೆಗೆ ಮುಂಚೆ, ಮೇ ಒಳಗೆ ಎತ್ತಬೇಕು. ಸಿಹಿನೀರು ಬಂದರೆ ಎಲ್ಲ ಸಾಯುತ್ತವೆ. ಕಾಸರಗೋಡಿನ ಪಡನ್ನ ಸುತ್ತಮುತ್ತ ಮಹಿಳೆಯರ ಸ್ವಸಹಾಯ ಗುಂಪುಗಳು ಇದನ್ನು ದೊಡ್ಡದಾಗಿ ಮಾಡಿ ತೋರಿಸಿದವು. ಆಮೇಲೆ ಬೆಳೆ ಇಳಿಯಿತು. ಒಂದೇ ಹಿನ್ನೀರಿನಲ್ಲಿ ತೀರಾ ಒತ್ತೊತ್ತಾಗಿ ಕಟ್ಟುವುದೂ ಅಪಾಯ. ಅಂದಹಾಗೆ ಇಲ್ಲೂ ಮರಿಯದೇ ಗೋಳು. ಬಂಡೆಯ ಮೇಲೆ ಆ ವರ್ಷ ಪಚ್ಚಿಲೆ ಮರಿ ಕೂರದಿದ್ದರೆ ಕಟ್ಟಲು ಏನೂ ಇಲ್ಲ.

ಕಡಲಪಾಚಿ ತಮಿಳುನಾಡಿನ ರಾಮನಾಥಪುರದ ಹೆಂಗಸರ ಬೆಳೆ. ಕಪ್ಪಾಫೈಕಸ್ ಎಂಬ ಪಾಚಿಯ ತುಂಡುಗಳನ್ನು ಬಿದಿರಿನ ತೆಪ್ಪದ ಹಗ್ಗಕ್ಕೆ ಕಟ್ಟಿ ಬಿಟ್ಟರೆ 45 ದಿನದಲ್ಲಿ ನಾಲ್ಕು ಪಟ್ಟಿನಷ್ಟು ಬೆಳೆಯುತ್ತದೆ. ಐಸ್‌ಕ್ರೀಮ್‌ನಿಂದ ಔಷಧದ ತನಕ ಬಳಸುವ ಕ್ಯಾರಗಿನನ್ ಸಿಗುವುದು ಇದರಿಂದ. ಆದರೆ 2013ರ ಸುಮಾರಿಗೆ ಬಿಸಿ ಜಾಸ್ತಿಯಾಗಿ ಬೆಳೆ ಸತ್ತುಹೋಯಿತು, ಎಷ್ಟೋ ಮಂದಿ ಕೆಲಸ ಬಿಟ್ಟರು. ವರ್ಷಗಟ್ಟಲೆ ಅದೇ ಪಾಚಿಯ ತುಂಡನ್ನೇ ಕತ್ತರಿಸಿ ಕತ್ತರಿಸಿ ನೆಟ್ಟಿದ್ದರಿಂದ ಶಕ್ತಿಯೂ ಕುಗ್ಗಿತ್ತು. ಮೀನು ಸಾಕಣೆಯಲ್ಲಿ ಮರಿಯ ಕೊರತೆ ಹೇಗೋ ಇಲ್ಲಿ ಹೊಸ ಬೀಜದ ಕೊರತೆ ಹಾಗೆ. ಸರ್ಕಾರ ರಾಮನಾಥಪುರದಲ್ಲಿ ಪಾಚಿ ಪಾರ್ಕ್ ಕಟ್ಟಲು ಹೊರಟಿದೆ, 11.2 ಲಕ್ಷ ಟನ್ ಗುರಿಯನ್ನೂ ಹೇಳಿತ್ತು. ಗುರಿ ಬಹಳ ದೂರ ಇದೆ. ಇದು ಹೊರಗಿನಿಂದ ಬಂದ ಪಾಚಿ, ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳದ ಮೇಲೆ ಹಬ್ಬಿದ್ದೂ ಕಂಡುಬಂದಿದೆ. ಎಲ್ಲಿ ಬೇಕೋ ಅಲ್ಲಿ ನೆಡುವ ಬೆಳೆಯಲ್ಲ.

ಮೀನಿನ ಪಂಜರದ ಸುತ್ತ ಪಾಚಿ ತೆಪ್ಪ ಕಟ್ಟಿದರೆ ಮೀನಿನ ಹಿಕ್ಕೆಯಿಂದ ಬಂದ ಪೋಷಕಾಂಶವನ್ನು ಪಾಚಿ ಹೀರಿಕೊಂಡು ಚೆನ್ನಾಗಿ ಬೆಳೆಯುತ್ತದೆ, ನೀರೂ ಶುದ್ಧವಾಗುತ್ತದೆ. ರಾಮನಾಥಪುರದಲ್ಲಿ ಕೋಬಿಯಾ ಜೊತೆ ಇದನ್ನು ಮಾಡಿ ನೋಡಿದ್ದಾರೆ. ಸಣ್ಣ ರೈತರಿಗೆ ಎರಡು ಆದಾಯ ಕೊಡುವ ಈ ದಾರಿ ನನಗೆ ತುಂಬಾ ಹಿಡಿಸಿದೆ.

ಮುಂದೆ ಏನಾಗಬಹುದು

ಮುಂದಿನ ಕೆಲವು ವರ್ಷ ಏರಿಕೆ ಖಂಡಿತ ಇರುತ್ತದೆ. ಕೆಳಗಿನಿಂದ ಶುರುವಾದ್ದರಿಂದ ಶೇಕಡಾವಾರು ಲೆಕ್ಕದಲ್ಲಿ ಅದು ದೊಡ್ಡದಾಗಿಯೇ ಕಾಣಿಸುತ್ತದೆ. ನನ್ನ ಅಂದಾಜಿನಲ್ಲಿ ಆ ಏರಿಕೆಯ ಬಹುಪಾಲು ಅಳಿವೆಯ ಸೀಬಾಸ್ ಪಂಜರ, ಪಚ್ಚಿಲೆ ಮತ್ತು ಪಾಚಿಯಿಂದ ಬರುತ್ತದೆ. ತೆರೆದ ಸಮುದ್ರದ ಮೀನು ಅದರ ಹಿಂದೆ ನಿಧಾನವಾಗಿ ಬರುತ್ತದೆ. ಮಳೆಗಾಲದಲ್ಲಿ ನೀರಿನೊಳಗೆ ಮುಳುಗಿಸಿಟ್ಟು ಉಳಿಸಿಕೊಳ್ಳಬಲ್ಲ ದೊಡ್ಡ ಪಂಜರಗಳು ಅಗ್ಗವಾದರೆ ಆಗ ಪಶ್ಚಿಮ ಕರಾವಳಿಯ ಚಿತ್ರ ಬದಲಾದೀತು.

ಅದಕ್ಕಿಂತ ಮೊದಲು ಬೇಕಾದ್ದು ಪ್ರತಿ ಕರಾವಳಿ ಜಿಲ್ಲೆಯಲ್ಲೂ ಒಂದು ಮರಿ ಸಾಕುವ ಕೇಂದ್ರ. ದೊಡ್ಡ ಹ್ಯಾಚರಿ ಎಲ್ಲ ಕಡೆ ಬೇಡ. ಮೊಟ್ಟೆ ಅಥವಾ ಸಣ್ಣ ಮರಿ ಮಂಡಪಂನಿಂದಲೋ ಸೀರ್ಕಾಳಿ ಹತ್ತಿರದ ರಾಜೀವ್ ಗಾಂಧಿ ಜಲಕೃಷಿ ಕೇಂದ್ರದ ಹ್ಯಾಚರಿಯಿಂದಲೋ ಬರಲಿ. ಅದನ್ನು ಜೂನ್‌ನಿಂದ ಸೆಪ್ಟೆಂಬರ್ ತನಕ ಸಾಕಿ, ಗಾತ್ರ ಬೇರೆ ಮಾಡಿ, ಅಕ್ಟೋಬರ್‌ನಲ್ಲಿ 50 ಗ್ರಾಂ ಮೀರಿದ ಮರಿ ಕೊಡುವ ಕೆಲಸ ಊರಲ್ಲೇ ಆಗಬಹುದು. ಮೀನುಗಾರಿಕೆ ನಿಷೇಧದ ತಿಂಗಳುಗಳಲ್ಲಿ ಕೈಗೆ ಕೆಲಸವಿಲ್ಲದ ಮನೆಗಳಿಗೆ ಇದೇ ಒಂದು ಉದ್ಯೋಗ.

ಇನ್ನೊಂದು ಕೆಲಸ ತಾಯಿಮೀನಿನ ಮಟ್ಟದಲ್ಲಿ ನಡೆಯಬೇಕು. ಈಗ ಹ್ಯಾಚರಿಗಳಲ್ಲಿ ಇರುವ ತಾಯಿಮೀನುಗಳಲ್ಲಿ ಬಹಳಷ್ಟು ಕಡಲಿನಿಂದ ಹಿಡಿದು ತಂದವು. ಬೇಗ ಬೆಳೆಯುವ, ರೋಗ ತಡೆಯುವ ಮೀನುಗಳನ್ನು ಆರಿಸಿ, ಅವುಗಳ ಮರಿಯಲ್ಲಿ ಮತ್ತೆ ಆರಿಸಿ, ತಲೆಮಾರಿನಿಂದ ತಲೆಮಾರಿಗೆ ತಳಿ ಸುಧಾರಿಸುವ ಕೇಂದ್ರವಾಗಿ ಸಿಎಂಎಫ್‌ಆರ್‌ಐನ ಮಂಡಪಂ ಘಟಕವನ್ನು ಸರ್ಕಾರ ಆರಿಸಿದೆ. ಕೋಬಿಯಾ ಮರಿ ತಾಯಿಯಾಗಲು ಎರಡು ವರ್ಷದ ಮೇಲೆ ಬೇಕು. ಮೂರು ತಲೆಮಾರು ಆರಿಸಿದರೆ ಆರೇಳು ವರ್ಷ. ಹಾಗಾಗಿ ಈಗ ಅಲ್ಲಿ ಆರಿಸಲು ಶುರುಮಾಡಿದರೂ ಮೂರು ತಲೆಮಾರು ದಾಟಿದ ಮರಿ ನಮ್ಮ ಪಂಜರಕ್ಕೆ ಬರುವ ಹೊತ್ತಿಗೆ 2030 ದಾಟಿರುತ್ತದೆ.